ಬೆಲೆ ಕಾಣುವ ಹಾಗೆ



ಅಂಗಡಿಯ ಮೆಟ್ಟಿಲು ಹತ್ತಿದವರು ಕೇಳುವ ಮೊದಲ ಮಾತು ‘ಇದಕ್ಕೆಷ್ಟು?’ ಎಂಬುದು. ಇಷ್ಟು ಸರಳವಾದ ಪ್ರಶ್ನೆಗೆ ನೇರವಾದ ಉತ್ತರ ಸಿಗುವುದು ಇವತ್ತಿಗೂ ಕಷ್ಟ. ಬಟ್ಟೆ ಅಂಗಡಿಯ ಮುಂದೆ ‘ಶೇಕಡ 70ರವರೆಗೆ ರಿಯಾಯಿತಿ’ ಎಂಬ ಫಲಕ ತೂಗುತ್ತದೆ. ಎಪ್ಪತ್ತು ಆಳೆತ್ತರ, ‘ವರೆಗೆ’ ಎಂಬುದು ಹತ್ತಿರ ಹೋಗಿ ಬಗ್ಗಿ ನೋಡಿದರಷ್ಟೇ ಕಾಣುತ್ತದೆ. ದಿನಸಿ ಅಂಗಡಿಯ ಕಪಾಟಿನ ಚೀಟಿಯಲ್ಲಿ ಒಂದು ಬೆಲೆ, ಬಿಲ್ಲಿನಲ್ಲಿ ಇನ್ನೊಂದು. ತಣ್ಣಗಿನ ಪಾನೀಯ ಕೇಳಿದರೆ ಬಾಟಲಿಯ ಮೇಲೆ ಅಚ್ಚಾದದ್ದಕ್ಕಿಂತ ಎರಡು ರೂಪಾಯಿ ಹೆಚ್ಚು. ಯಾಕೆಂದರೆ ‘ಫ್ರಿಜ್ ಚಾರ್ಜು’. ಮೊಬೈಲಿನಲ್ಲಿ ಟಿಕೆಟ್ ಕೊಳ್ಳಲು ಹೊರಟರೆ ಮೊದಲ ಪರದೆಯಲ್ಲಿದ್ದ ಮೊತ್ತ ಕೊನೆಯ ಪರದೆಗೆ ಬರುವ ಹೊತ್ತಿಗೆ ಬೆಳೆದಿರುತ್ತದೆ.

ಎರಡು ರೂಪಾಯಿಯ ವಿಷಯಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎನ್ನುವವರಿದ್ದಾರೆ. ಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಈ ಎರಡು ರೂಪಾಯಿ ತಿಂಗಳ ಸಂಬಳವನ್ನು ಎಣಿಸಿ ಖರ್ಚು ಮಾಡುವವರ ಜೇಬಿನಿಂದ, ದಿನವೂ ಹೋಗುತ್ತದೆ. ಬೆಲೆಯನ್ನು ಬಹಿರಂಗ ಮಾಡಿಸುವುದಕ್ಕೆ ನಮ್ಮ ನಾಡಿನಲ್ಲಿ ಎರಡು ಸಾವಿರ ವರ್ಷಗಳಿಂದ ಹೆಣಗಾಟ ನಡೆದಿದೆ. ಆ ಇತಿಹಾಸವನ್ನು ಓದುತ್ತ ಹೋದಾಗ ನನಗೆ ಎದ್ದು ಕಂಡದ್ದು ಒಂದು ಸಂಗತಿ: ಕಾನೂನು ಒಂದು ಮುಚ್ಚಳ ತೆಗೆಸಿದಾಗಲೆಲ್ಲ ಬೆಲೆ ಬೇರೆಲ್ಲೋ ಹೋಗಿ ಅಡಗಿಕೊಂಡಿದೆ. ಅದು ಎಲ್ಲೆಲ್ಲಿ ಅಡಗಿತು ಎಂಬುದೇ ಇವತ್ತಿನ ನನ್ನ ಮಾತು.

ಮೊದಲು ಒಂದು ದನಗಳ ಜಾತ್ರೆಗೆ ಹೋಗೋಣ. ದೊಡ್ಡಬಳ್ಳಾಪುರದ ಹತ್ತಿರದ ಘಾಟಿ ಸುಬ್ರಹ್ಮಣ್ಯದಲ್ಲಿ ಚಳಿಗಾಲದಲ್ಲಿ ನೆರೆಯುವ ಜಾತ್ರೆಯನ್ನು ನೋಡಿದವರಿಗೆ ಈ ದೃಶ್ಯ ಗೊತ್ತು. ಹಳ್ಳಿಕಾರ್ ಎತ್ತಿನ ಜೋಡಿಯ ಪಕ್ಕದಲ್ಲಿ ಮಾರುವವನೂ ದಲ್ಲಾಳಿಯೂ ನಿಂತಿರುತ್ತಾರೆ. ದಲ್ಲಾಳಿ ಹೆಗಲ ಮೇಲಿನ ಟವೆಲನ್ನು ಕೈಗೆ ಇಳಿಬಿಟ್ಟು, ಅದರಡಿಯಲ್ಲಿ ಮಾರುವವನ ಬೆರಳು ಹಿಡಿಯುತ್ತಾನೆ. ಎಷ್ಟು ಬೆರಳು ಹಿಡಿದ, ಎಲ್ಲಿ ಒತ್ತಿದ ಎಂಬುದೇ ಬೆಲೆ. ಮಾರುವವನು ತಲೆಯಾಡಿಸಿದರೆ ಮತ್ತೆ ಬೆರಳು ಬದಲಾಗುತ್ತದೆ. ಸುತ್ತ ನಿಂತ ಹತ್ತು ಜನಕ್ಕೆ ಮುಖ ಕಾಣುತ್ತದೆ, ಬೆಲೆ ಕಾಣುವುದಿಲ್ಲ. ಪಕ್ಕದ ಜೋಡಿ ಎಷ್ಟಕ್ಕೆ ಹೋಯಿತೆಂದು ಗೊತ್ತಾದರೆ ತನ್ನ ಜೋಡಿಯ ಬೆಲೆ ಬೀಳಬಹುದು ಎಂಬ ಎಚ್ಚರ ಅದು. ಅಲ್ಲಿ ಮಾರುವವನೂ ಕೊಳ್ಳುವವನೂ ಇಬ್ಬರೂ ರೈತರೇ, ಇಬ್ಬರಿಗೂ ಎತ್ತಿನ ಹಲ್ಲು, ಗೊರಸು, ಸುಳಿ ಎಲ್ಲ ಗೊತ್ತು. ಹಾಗಾಗಿ ಟವೆಲಿನಡಿಯ ವ್ಯಾಪಾರವನ್ನು ನಾನು ಮೋಸ ಎನ್ನಲಾರೆ. ಗುಟ್ಟು ಇಬ್ಬರದ್ದೂ ಆಗಿದ್ದಾಗ ಅದು ಒಪ್ಪಂದ. ಒಬ್ಬನದೇ ಆಗಿದ್ದಾಗ ತೊಂದರೆ ಶುರುವಾಗುತ್ತದೆ, ಮತ್ತು ಅಂಗಡಿಯಲ್ಲಿ ಅದು ಯಾವಾಗಲೂ ಒಬ್ಬನದೇ.

ಇದನ್ನು ನಮ್ಮ ಹಿರಿಯರು ಚೆನ್ನಾಗಿ ಅರಿತಿದ್ದರು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಮತ್ತೆ ಲೋಕಕ್ಕೆ ಕೊಟ್ಟದ್ದು ಮೈಸೂರು ಎಂಬುದು ನಿಮಗೆ ಗೊತ್ತು. ಅಲ್ಲಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಆ ತಾಳೆಗರಿಯನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ರಾಜನೀತಿಯ ಗ್ರಂಥವೆಂದು ಅದಕ್ಕೆ ಹೆಸರು, ಆದರೆ ಅದರ ಒಂದು ದೊಡ್ಡ ಭಾಗ ಸಂತೆಯ ಲೆಕ್ಕಾಚಾರ. ಊರ ಬಾಗಿಲಿನ ಸುಂಕದ ಕಟ್ಟೆಯಲ್ಲಿ ಧ್ವಜದ ಕೆಳಗೆ ವ್ಯಾಪಾರಿ ನಿಂತು, ಸರಕು ಇಷ್ಟು, ಬೆಲೆ ಇಷ್ಟು, ಕೊಳ್ಳುವವರು ಯಾರು ಎಂದು ಮೂರು ಸಲ ಕೂಗಿ ಹೇಳಬೇಕು. ಯಾರಾದರೂ ಪೈಪೋಟಿಯಲ್ಲಿ ಹೆಚ್ಚು ಕೂಗಿದರೆ ಆ ಹೆಚ್ಚುವರಿ ಬೊಕ್ಕಸಕ್ಕೆ. ನಿಗದಿಯಾದ ಬೆಲೆಯ ಮೇಲೆ ದೇಶದೊಳಗಿನ ಸರಕಿಗೆ ನೂರಕ್ಕೆ 5, ಹೊರಗಿನದಕ್ಕೆ ನೂರಕ್ಕೆ 10 ಲಾಭ. ವ್ಯಾಪಾರಿಗಳು ಒಟ್ಟುಗೂಡಿ ಸರಕು ಬಚ್ಚಿಟ್ಟು ಬೆಲೆ ಏರಿಸಿದರೆ 1000 ಪಣ ದಂಡ. ತೂಕದ ಬಟ್ಟುಗಳನ್ನು ನೋಡಿಕೊಳ್ಳುವುದಕ್ಕೆ ಪೌತವಾಧ್ಯಕ್ಷ ಎಂಬ ಬೇರೆಯೇ ಅಧಿಕಾರಿ. ಇದೆಲ್ಲ ಎಷ್ಟರಮಟ್ಟಿಗೆ ನಡೆದಿತ್ತು ಎಂಬುದು ವಿದ್ವಾಂಸರ ಚರ್ಚೆಯ ವಿಷಯ. ನನಗೆ ಮುಖ್ಯವಾದದ್ದು ಮೂರು ಸಲ ಕೂಗಬೇಕು ಎಂಬ ನಿಯಮ. ಬೆಲೆಯನ್ನು ಕಿವಿಗೆ ಬೀಳುವ ಹಾಗೆ ಹೇಳುವುದು ವ್ಯಾಪಾರಿಯ ಕರ್ತವ್ಯ, ಕೇಳಿ ತಿಳಿದುಕೊಳ್ಳುವುದು ಗಿರಾಕಿಯ ಹೊಣೆಯಲ್ಲ ಎಂಬ ಯೋಚನೆ ಅಷ್ಟು ಹಿಂದೆಯೇ ಇತ್ತು.

ಬೆಲೆಯನ್ನು ಕೂಗಿ ಹೇಳಿದ ಮಾತ್ರಕ್ಕೆ ಮುಗಿಯಲಿಲ್ಲ. ಎಷ್ಟಕ್ಕೆ ಎಂಬುದರ ಜೊತೆಗೆ ಎಷ್ಟು ಎಂಬುದೂ ಇದೆಯಲ್ಲ. ನಮ್ಮ ಕಡೆ ಪಾವು, ಅಚ್ಚೇರು, ಸೇರು, ಕೊಳಗ, ಖಂಡುಗ ಎಂದು ಅಳೆಯುತ್ತಿದ್ದರು. ಸೇರಿನಲ್ಲಿ ಪಕ್ಕಾ ಸೇರು ಬೇರೆ, ಕಚ್ಚಾ ಸೇರು ಬೇರೆ. ಒಂದು ಊರಿನ ಸೇರು ಇನ್ನೊಂದು ಊರಿನದಕ್ಕೆ ಸಮ ಅಲ್ಲ. ಅಳೆಯುವಾಗ ತಲೆ ಕಟ್ಟಿ ಅಳೆದನೋ, ಕೈಯಾಡಿಸಿ ಸಮ ಮಾಡಿ ಅಳೆದನೋ ಎಂಬುದರ ಮೇಲೆ ಅಕ್ಕಿ ಹೆಚ್ಚುಕಡಿಮೆ. ಸೇರಿಗೆ ಎರಡಾಣೆ ಎಂಬ ಮಾತು ಕಿವಿಗೆ ಸ್ಪಷ್ಟವಾಗಿ ಕೇಳಿಸುತ್ತದೆ, ಅರ್ಧ ಸತ್ಯ ಮಾತ್ರ ಹೇಳುತ್ತದೆ. ಬೆಲೆ ಅಡಗಿಕೊಂಡ ಮೊದಲ ಜಾಗ ಅಳತೆಯ ಪಾತ್ರೆ.

ಬಟ್ಟೆಯ ಅಂಗಡಿಗಳಲ್ಲಿ ಇನ್ನೊಂದು ಪದ್ಧತಿ ಇತ್ತು, ಕೆಲವು ಹಳೆಯ ಪೇಟೆಗಳಲ್ಲಿ ಈಗಲೂ ಇದೆ. ಸೀರೆಯ ಮಡಿಕೆಯೊಳಗೆ ಒಂದು ಸಣ್ಣ ಚೀಟಿ, ಅದರ ಮೇಲೆ ಎರಡು ಮೂರು ಅಕ್ಷರ. ಹತ್ತು ಬೇರೆ ಬೇರೆ ಅಕ್ಷರಗಳಿರುವ ಒಂದು ಪದವನ್ನೋ ವಾಕ್ಯವನ್ನೋ ಯಜಮಾನ ಆರಿಸಿಕೊಂಡಿರುತ್ತಾನೆ. ಮೊದಲ ಅಕ್ಷರ ಒಂದು, ಎರಡನೆಯದು ಎರಡು, ಹೀಗೆ ಸೊನ್ನೆಯವರೆಗೆ. ಆ ಅಕ್ಷರಗಳಲ್ಲಿ ಸೀರೆಯ ಅಸಲು ಬೆಲೆ ಬರೆದಿರುತ್ತದೆ. ಮಾರುವ ಹುಡುಗ ಚೀಟಿ ನೋಡಿ, ಗಿರಾಕಿಯ ಮುಖ ನೋಡಿ, ಬೆಲೆ ಹೇಳುತ್ತಾನೆ. ಗಿರಾಕಿಯ ಕೈಯಲ್ಲೇ ಬೆಲೆ ಇದೆ, ಓದಲು ಬರುವುದಿಲ್ಲ. ಚೌಕಾಸಿ ಬಲ್ಲವರು ಕಡಿಮೆಗೆ ಕೊಂಡರು, ಬಾಯಿ ಇಲ್ಲದವರು, ಸಂಕೋಚದವರು, ಹಳ್ಳಿಯಿಂದ ಮೊದಲ ಸಲ ಪೇಟೆಗೆ ಬಂದವರು ಹೆಚ್ಚು ಕೊಟ್ಟರು. ಚೌಕಾಸಿಯನ್ನು ಒಂದು ಕಲೆ ಎಂದು ಹೊಗಳುವವರು ಈ ಕೊನೆಯವರನ್ನು ಮರೆಯುತ್ತಾರೆ ಎಂಬುದು ನನ್ನ ದೂರು.

ಎಲ್ಲರಿಗೂ ಒಂದೇ ಬೆಲೆ ಎಂಬ ಕಲ್ಪನೆ ಹೊರಗಿನ ಲೋಕದಲ್ಲಿ ಬೇರೆ ಬೇರೆ ಕಡೆ ಮೊಳೆಯಿತು. ಜಪಾನಿನ ಎದೋ ಪಟ್ಟಣದಲ್ಲಿ, ಅಂದರೆ ಇಂದಿನ ಟೋಕಿಯೋದಲ್ಲಿ, ಮಿತ್ಸುಯಿ ಎಂಬ ವರ್ತಕ 1673ರಲ್ಲಿ ತೆರೆದ ಬಟ್ಟೆ ಅಂಗಡಿ ನಗದು ಕೊಡಿ, ಬೆಲೆ ಒಂದೇ ಎಂದು ಸಾರಿತು. ಇಂಗ್ಲೆಂಡಿನ ಕ್ವೇಕರ್ ಪಂಥದವರು ಕೇಳುವುದೊಂದು, ಕೊಡುವುದೊಂದು ಎಂದರೆ ಸುಳ್ಳು ಹೇಳಿದ ಹಾಗೆ ಎಂದು ನಂಬಿ, ಅದೇ ಶತಮಾನದಲ್ಲಿ ಚೌಕಾಸಿಯನ್ನೇ ಬಿಟ್ಟರು. ಪ್ಯಾರಿಸ್ಸಿನ ಬಾನ್ ಮಾರ್ಷೆಯಲ್ಲಿ 1852ರಿಂದ ಬೂಸಿಕೋ, ಅಮೆರಿಕದ ಫಿಲಡೆಲ್ಫಿಯಾದಲ್ಲಿ ವನಮೇಕರ್ ಸರಕಿಗೆ ಬೆಲೆಚೀಟಿ ಕಟ್ಟಿ ದೊಡ್ಡ ಮಳಿಗೆಗಳನ್ನು ನಡೆಸಿದರು. ಅವರಿಗೆ ಇದರಲ್ಲಿ ಧರ್ಮಕ್ಕಿಂತ ಲೆಕ್ಕ ದೊಡ್ಡದಾಗಿತ್ತು: ನೂರಾರು ಗುಮಾಸ್ತರಿಗೆ ಚೌಕಾಸಿ ಕಲಿಸುವುದಕ್ಕಿಂತ ಚೀಟಿ ಕಟ್ಟುವುದು ಸುಲಭ. ಹಾಗಿದ್ದರೂ ಲಾಭವಾದದ್ದು ಸಂಕೋಚದ ಗಿರಾಕಿಗೆ.

ನಮ್ಮಲ್ಲಿ ಈ ಕೆಲಸವನ್ನು ಸ್ವತಂತ್ರ ಭಾರತದ ಸರ್ಕಾರ ಕೈಗೆತ್ತಿಕೊಂಡಿತು, ಮತ್ತು ಸರಿಯಾದ ತುದಿಯಿಂದಲೇ ಶುರು ಮಾಡಿತು. 1956ರಲ್ಲಿ ತೂಕ ಮತ್ತು ಅಳತೆಯ ಕಾಯ್ದೆ ಬಂತು. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ನಯಾಪೈಸೆ. ಹದಿನಾರಾಣೆಯ ಲೆಕ್ಕ ಹೋಯಿತು. 1958ರಿಂದ ಹಂತಹಂತವಾಗಿ ಕಿಲೋಗ್ರಾಮು, ಆಮೇಲೆ ಮೀಟರು, ಲೀಟರು ಬಂದವು. ಹಳೆಯ ಸೇರಿಗೆ ಹೊಸ ಕಿಲೋ ಎಷ್ಟು ಎಂಬ ಗೊಂದಲ ವರ್ಷಗಟ್ಟಲೆ ಇತ್ತು, ವ್ಯಾಪಾರಿ ಆ ಗೊಂದಲದಲ್ಲಿ ಒಂದಿಷ್ಟು ಗಳಿಸಿಯೂ ಇದ್ದ. ಆದರೂ ಬೀದರಿನ ಕಿಲೋವೂ ಚಾಮರಾಜನಗರದ ಕಿಲೋವೂ ಒಂದೇ ಆದದ್ದು ಸಣ್ಣ ಸಾಧನೆಯಲ್ಲ. ಮೊದಲ ಅಡಗುತಾಣ, ಆ ಅಳತೆಯ ಪಾತ್ರೆ, ಅಲ್ಲಿಗೆ ಬಯಲಾಯಿತು.

ಆಮೇಲಿನ ಎರಡು ದಶಕ ಅಭಾವದ ಕಾಲ. ಸಕ್ಕರೆ, ಸೀಮೆಎಣ್ಣೆ, ಅಕ್ಕಿಗೆ ಸಾಲು. ನ್ಯಾಯಬೆಲೆ ಅಂಗಡಿಯ ಬಾಗಿಲಲ್ಲಿ ಕಪ್ಪು ಹಲಗೆ, ಅದರ ಮೇಲೆ ಸೀಮೆಸುಣ್ಣದಲ್ಲಿ ದಾಸ್ತಾನು ಇಷ್ಟು, ದರ ಇಷ್ಟು. ತುರ್ತುಪರಿಸ್ಥಿತಿಯ ದಿನಗಳಲ್ಲಿ ಖಾಸಗಿ ಅಂಗಡಿಗಳೂ ದರಪಟ್ಟಿ ತೂಗುಹಾಕಿದವು, ಭಯದಿಂದ. ಭಯ ಹೋದ ಮೇಲೆ ಎಷ್ಟೋ ಕಡೆ ಪಟ್ಟಿಯೂ ಹೋಯಿತು. ಭಯವಿಲ್ಲದೆಯೂ ದರ ಬರೆಯಬಹುದು ಎಂಬುದಕ್ಕೆ ನಮ್ಮ ಕಣ್ಣೆದುರಿಗೇ ಉದಾಹರಣೆ ಇದೆ. 1959ರಲ್ಲಿ ಡಾ. ಎಂ. ಎಚ್. ಮರಿಗೌಡರ ಪ್ರಯತ್ನದಿಂದ ಬೆಂಗಳೂರಿನಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿ, ಆಮೇಲೆ ಹಾಪ್‌ಕಾಮ್ಸ್ ಆದ ಸಂಸ್ಥೆಯ ಹಸಿರು ಮಳಿಗೆಗಳನ್ನು ನೋಡಿ. ಬೀನ್ಸು, ಹೀರೆಕಾಯಿ, ಸೀಬೆಹಣ್ಣು, ಒಂದೊಂದರ ಎದುರಿಗೂ ಆ ದಿನದ ಕಿಲೋ ದರ ಹಲಗೆಯ ಮೇಲೆ. ತಳ್ಳುಗಾಡಿಯಲ್ಲಿ ಕಡಿಮೆಗೆ ಸಿಗಬಹುದು, ಸಿಗದೆಯೂ ಇರಬಹುದು. ಆದರೆ ಆ ಹಲಗೆಯ ಮುಂದೆ ನಿಂತವರು ಬಾಯಿ ತೆರೆಯುವ ಮೊದಲೇ ತಮಗೆ ಏನು ಎಟಕುತ್ತದೆ ಎಂದು ತೀರ್ಮಾನಿಸಬಹುದು. ಜೇಬಿನಲ್ಲಿ ಕಡಿಮೆ ಇದ್ದವರು ಯಾರ ಮುಂದೆಯೂ ಬೇಡ ಎಂದು ಹೇಳಿ ತಲೆ ತಗ್ಗಿಸಬೇಕಿಲ್ಲ. ಬರೆದ ಬೆಲೆಯಿಂದ ಸಿಗುವ ಈ ಮರ್ಯಾದೆಯನ್ನು ನಾವು ಸಾಕಷ್ಟು ಗಮನಿಸುವುದಿಲ್ಲ.

ಇನ್ನು ಎಂಆರ್‌ಪಿಯ, ಅಂದರೆ ಗರಿಷ್ಠ ಚಿಲ್ಲರೆ ಬೆಲೆಯ, ಕಥೆ. ಅಂಗಡಿಯಲ್ಲಿ ತೂಗಿ ಕೊಡುತ್ತಿದ್ದ ಸರಕು ಕಾರ್ಖಾನೆಯಿಂದಲೇ ಪೊಟ್ಟಣವಾಗಿ ಬರತೊಡಗಿದಾಗ ಗಿರಾಕಿಗೆ ತಕ್ಕಡಿಯ ಮುಳ್ಳು ನೋಡುವ ಅವಕಾಶವೂ ಹೋಯಿತು. ಅದಕ್ಕಾಗಿ 1976ರಲ್ಲಿ ಹೊಸ ಕಾಯ್ದೆ, 1977ರಲ್ಲಿ ಪೊಟ್ಟಣ ಸರಕಿನ ನಿಯಮಗಳು. ತಯಾರಕರ ಹೆಸರು, ವಿಳಾಸ, ನಿವ್ವಳ ತೂಕ, ತಿಂಗಳು, ವರ್ಷ, ಮಾರಾಟ ಬೆಲೆ ಪೊಟ್ಟಣದ ಮೇಲೆಯೇ ಇರಬೇಕು. ಆದರೆ ಒಂದು ಕಿಂಡಿ ಉಳಿದಿತ್ತು. ಬೆಲೆಯ ಮುಂದೆ ‘ಸ್ಥಳೀಯ ತೆರಿಗೆ ಪ್ರತ್ಯೇಕ’ ಎಂದು ಅಚ್ಚು ಹಾಕುವುದಕ್ಕೆ ಅವಕಾಶವಿತ್ತು. ಆ ಸ್ಥಳೀಯ ತೆರಿಗೆ ಎಷ್ಟು? ಯಾವ ಊರಿನಲ್ಲಿ ಯಾವ ಸರಕಿಗೆ ಎಷ್ಟೆಂದು ಗಿರಾಕಿಗೆ ಹೇಗೆ ಗೊತ್ತಾಗಬೇಕು? ಅಂಗಡಿಯವನು ಹೇಳಿದ್ದೇ ತೆರಿಗೆ. ಐವತ್ತು ದಾಟಿದ ಕೇಳುಗರಿಗೆ ಸೋಪು, ಟೂತ್‌ಪೇಸ್ಟುಗಳ ಮೇಲಿದ್ದ ಆ ಸಾಲು, ಅದರ ಮೇಲೆ ನಡೆಯುತ್ತಿದ್ದ ವಾಗ್ವಾದ ನೆನಪಿರಬೇಕು.

1990ರಲ್ಲಿ ಆ ನಿಯಮಕ್ಕೆ ತಿದ್ದುಪಡಿ ಬಂತು. ಎಲ್ಲ ತೆರಿಗೆ ಒಳಗೊಂಡ ಗರಿಷ್ಠ ಚಿಲ್ಲರೆ ಬೆಲೆಯನ್ನೇ ಮುದ್ರಿಸಬೇಕು, ಅದಕ್ಕಿಂತ ಒಂದು ಪೈಸೆಯೂ ಹೆಚ್ಚು ಕೇಳಬಾರದು. ನಾಲ್ಕು ವರ್ಷ ಹಿಂದೆ, 1986ರಲ್ಲಿ, ಗ್ರಾಹಕ ಸಂರಕ್ಷಣಾ ಕಾಯ್ದೆ ಆಗಿತ್ತು; ಈಗ ಗಿರಾಕಿಯ ಕೈಗೆ ಬೆರಳಿಟ್ಟು ತೋರಿಸುವಂಥ ಒಂದು ಅಂಕಿ ಸಿಕ್ಕಿತು. ಶಾಲೆ ಕಲಿಯದವರೂ ಮಗುವಿನ ಕೈಯಲ್ಲಿ ಓದಿಸಿ ಕೇಳಬಹುದಾದ ಅಂಕಿ. ಹಳ್ಳಿಯ ಗೂಡಂಗಡಿಯಲ್ಲೂ ‘ಇಲ್ಲಿ ಬರೆದಿರೋದು ಇಷ್ಟೇ ಅಲ್ವಾ’ ಎಂದು ವಾದಿಸುವ ಧೈರ್ಯ ಬಂದದ್ದು ಇದರಿಂದ. ಈ ವ್ಯವಸ್ಥೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದ್ದರಿಂದಲೇ ಅದು ಮುಂದೆ ಹಿಡಿದ ದಾರಿಯ ಬಗ್ಗೆ ಬೇಸರ.

ಗರಿಷ್ಠ ಬೆಲೆ ಎಷ್ಟೆಂದು ತೀರ್ಮಾನಿಸುವವರು ಯಾರು? ತಯಾರಕರೇ. ಬಹುಪಾಲು ಸರಕುಗಳಿಗೆ ಸರ್ಕಾರದ ಮಿತಿ ಇಲ್ಲ. ಮಿತಿ ಮೀರಬಾರದು ಎಂದು ಕಾನೂನು ಹೇಳಿತು. ಮಿತಿಯನ್ನೇ ಎತ್ತರಕ್ಕೆ ಏರಿಸಿಟ್ಟರೆ ಏನು ಎಂಬುದನ್ನು ಹೇಳಲಿಲ್ಲ. ಹಾಗಾಗಿ ಗಿರಾಕಿಯನ್ನು ಕಾಯಬೇಕಾದ ಅಂಕಿ ಜಾಹೀರಾತಿನ ಸಾಮಗ್ರಿಯಾಯಿತು. ಪೊಟ್ಟಣದ ಮೇಲೆ 999 ಎಂದು ಅಚ್ಚು ಹಾಕುವುದು, ಅದರ ಮೇಲೆ ಅಡ್ಡಗೆರೆ ಎಳೆದು 399 ಎಂದು ಬರೆಯುವುದು, ‘ನಿಮಗೆ ಉಳಿತಾಯ 600’ ಎಂದು ಸಾರುವುದು. ಆ ಪೊಟ್ಟಣ ಯಾವತ್ತಾದರೂ, ಯಾರಿಗಾದರೂ 999ಕ್ಕೆ ಮಾರಾಟವಾಗಿದೆಯೇ? ಕೇಳುವವರಿಲ್ಲ. ನಮ್ಮ ರಾಜ್ಯದಲ್ಲಿ ಆಷಾಢ ಬಂತೆಂದರೆ ಮದುವೆ ಮುಂಜಿ ಇಲ್ಲ, ಜವಳಿ ಅಂಗಡಿಗೆ ಗಿರಾಕಿ ಇಲ್ಲ. ಅದಕ್ಕೆ ಸೋಡಿ ದರದ ಮಾರಾಟ. ಉಳಿದ ದಾಸ್ತಾನು ಖಾಲಿ ಮಾಡಲು ನಿಜವಾಗಿ ಬೆಲೆ ಇಳಿಸುವ ಅಂಗಡಿಗಳಿವೆ, ಅಲ್ಲಿ ಒಳ್ಳೆಯ ಸೀರೆ ಕೈಗೆ ಸಿಗುತ್ತದೆ. ಆದರೆ ಜ್ಯೇಷ್ಠದಲ್ಲಿ ಆ ಸೀರೆ ಎಷ್ಟಿತ್ತು ಎಂದು ಚೀಟಿ ಹೇಳುವುದಿಲ್ಲ. ಐರೋಪ್ಯ ಒಕ್ಕೂಟದಲ್ಲಿ 2022ರ ಮೇ ತಿಂಗಳಿಂದ ಇದಕ್ಕೊಂದು ನಿಯಮ ಜಾರಿಯಲ್ಲಿದೆ: ಬೆಲೆ ಇಳಿಸಿದ್ದೇವೆ ಎಂದು ಸಾರುವ ಅಂಗಡಿ, ಅದಕ್ಕೆ ಹಿಂದಿನ ಕನಿಷ್ಠ 30 ದಿನಗಳಲ್ಲಿ ತಾನು ಮಾರಿದ ಅತ್ಯಂತ ಕಡಿಮೆ ಬೆಲೆಯನ್ನೂ ತೋರಿಸಬೇಕು. ಅಡ್ಡಗೆರೆ ಎಳೆಯುವುದಿದ್ದರೆ ಆ ಬೆಲೆಯ ಮೇಲೆ ಎಳೆಯಬೇಕು, ಯಾರೂ ಕೊಡದ ಬೆಲೆಯ ಮೇಲಲ್ಲ. ಇದು ನಮಗೂ ಬೇಕು.

ಏರಿಸಿಟ್ಟ ಗರಿಷ್ಠ ಬೆಲೆ ಎಷ್ಟು ಘೋರವಾಗಬಹುದು ಎಂಬುದನ್ನು ಹೃದಯದ ಸ್ಟೆಂಟು ತೋರಿಸಿಕೊಟ್ಟಿತು. ರಕ್ತನಾಳದೊಳಗೆ ಇಡುವ ಈ ಪುಟ್ಟ ಜಾಲರಿಗೆ, ಔಷಧ ಲೇಪಿಸಿದ್ದಾದರೆ, ರೋಗಿಗಳು ಲಕ್ಷ ರೂಪಾಯಿಗೂ ಹೆಚ್ಚು ತೆರುತ್ತಿದ್ದರು. 2017ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಅದಕ್ಕೆ 29,600 ರೂಪಾಯಿ, ಲೇಪನವಿಲ್ಲದ್ದಕ್ಕೆ 7,260 ರೂಪಾಯಿ ಮಿತಿ ಹಾಕಿತು. ಆಸ್ಪತ್ರೆಯ ಹಾಸಿಗೆಯ ಮೇಲಿರುವವರು ಚೌಕಾಸಿ ಮಾಡುವುದಿಲ್ಲ, ಇನ್ನೊಂದು ಅಂಗಡಿ ವಿಚಾರಿಸುವುದಿಲ್ಲ. ಅಂಥ ಕಡೆ ಮುದ್ರಿತ ಬೆಲೆ ಇದ್ದರಷ್ಟೇ ಸಾಲದು, ಅದನ್ನು ಯಾರೋ ಪರಿಶೀಲಿಸಬೇಕು.

99ರ ಬೆಲೆಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಚಪ್ಪಲಿ ಅಂಗಡಿಯ 99 ರೂಪಾಯಿ 95 ಪೈಸೆಯನ್ನು ‘ಬಾಟಾ ಬೆಲೆ’ ಎಂದು ನಾವೆಲ್ಲ ಆಡಿಕೊಂಡು ಬೆಳೆದವರು. ಎಡಗಡೆಯ ಅಂಕಿಯ ಮೇಲೆ ಕಣ್ಣು ಮೊದಲು ನಿಲ್ಲುವುದರಿಂದ ಐನೂರಕ್ಕಿಂತ 499 ಬಹಳ ಕಡಿಮೆ ಅನ್ನಿಸುತ್ತದೆ. 25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ಮುಗಿಯಿತು. ಹಾಗಾಗಿ ಆ 95 ಪೈಸೆಯನ್ನು ಕೊಡುವುದಕ್ಕೂ ಆಗದು, ಪಡೆಯುವುದಕ್ಕೂ ಆಗದು. ಉಳಿದ ಒಂದು ರೂಪಾಯಿ ಚಿಲ್ಲರೆಗೆ ಚಾಕೊಲೇಟು ಕೈಗಿಡುವ ಅಭ್ಯಾಸ ಇದರ ಇನ್ನೊಂದು ಮುಖ. ಚಾಕೊಲೇಟನ್ನು ಮರುದಿನ ಹಣದ ಬದಲು ಕೊಟ್ಟರೆ ಅದೇ ಅಂಗಡಿ ತೆಗೆದುಕೊಳ್ಳುವುದಿಲ್ಲ.

ಬೆಲೆ ಮುದ್ರಿಸಲೇಬೇಕು ಎಂದಾದ ಮೇಲೆ ಗುಟ್ಟು ಮತ್ತೆ ತೂಕದೊಳಗೆ ಹೋಯಿತು. ಇದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ವಿಷಯ, ಸ್ವಲ್ಪ ನಿಧಾನವಾಗಿ ನೋಡೋಣ. ಐದು ರೂಪಾಯಿಯ ಬಿಸ್ಕತ್ತಿನ ಪೊಟ್ಟಣ ವರ್ಷಗಟ್ಟಲೆ ಐದು ರೂಪಾಯಿಯಾಗಿಯೇ ಉಳಿಯಿತು. ಗೋಧಿ, ಸಕ್ಕರೆ, ಎಣ್ಣೆ ತುಟ್ಟಿಯಾದಾಗಲೆಲ್ಲ ಒಳಗಿನ ಬಿಸ್ಕತ್ತು ಕಡಿಮೆಯಾಯಿತು. ಬೆಲೆ ಏರಿತು, ಏರಿದ್ದು ಕಾಣಲಿಲ್ಲ. ಮೊದಲು ಇದಕ್ಕೊಂದು ತಡೆ ಇತ್ತು. ಚಹಾ, ಬಿಸ್ಕತ್ತು, ಎಣ್ಣೆ, ಸಾಬೂನು ಮೊದಲಾದ ನಿತ್ಯದ ಸರಕನ್ನು ಗೊತ್ತುಪಡಿಸಿದ ತೂಕಗಳಲ್ಲೇ ಕಟ್ಟಬೇಕು ಎಂದು ನಿಯಮದ ಅನುಸೂಚಿಯೊಂದು ಹೇಳುತ್ತಿತ್ತು. ಎಲ್ಲರೂ 100 ಗ್ರಾಂ, 250 ಗ್ರಾಂ ಎಂದು ಕಟ್ಟಿದರೆ ಎರಡು ಕಂಪನಿಯ ಪೊಟ್ಟಣ ಹೋಲಿಸುವುದು ಸುಲಭ. 2021ರ ತಿದ್ದುಪಡಿಯಲ್ಲಿ ಆ ಅನುಸೂಚಿಯನ್ನೇ ತೆಗೆದುಹಾಕಿದರು. ಅದರ ಬದಲಿಗೆ ಪ್ರತಿ ಗ್ರಾಮಿಗೆ, ಪ್ರತಿ ಕಿಲೋಗೆ ಎಷ್ಟು ಬೀಳುತ್ತದೆ ಎಂಬ ಬಿಡಿ ದರವನ್ನು ಮುದ್ರಿಸಬೇಕು ಎಂದರು. ಯೋಚನೆ ಒಳ್ಳೆಯದು. ನಡೆಯುತ್ತಿರುವುದು ಏನು ನೋಡಿ.

ಒಂದು ಕಿಲೋಗಿಂತ ಕಡಿಮೆ ತೂಕದ ಪೊಟ್ಟಣಕ್ಕೆ ಗ್ರಾಮಿನ ದರ, ಹೆಚ್ಚಿನದಕ್ಕೆ ಕಿಲೋ ದರ, ಇದು ನಿಯಮ. 250 ಗ್ರಾಂ ಚಹಾಪುಡಿಯ ಬೆಲೆ 145 ರೂಪಾಯಿ ಎಂದಿಟ್ಟುಕೊಳ್ಳಿ. ಅದರ ಬೆನ್ನ ಮೇಲೆ ‘ಗ್ರಾಮಿಗೆ 0.58’ ಎಂದಿರುತ್ತದೆ. ಪಕ್ಕದ ದೊಡ್ಡ ಪೊಟ್ಟಣದ ಮೇಲೆ ‘ಕಿಲೋಗೆ 560’ ಎಂದಿರುತ್ತದೆ. ಯಾವುದು ಅಗ್ಗ? ದಶಮಾಂಶದ ಬಿಂದುವನ್ನು ಮೂರು ಮನೆ ಆಚೆಗೆ ಸರಿಸಿ, 580 ಎಂದು ತಿಳಿದು, ಆಮೇಲೆ ಹೋಲಿಸಬೇಕು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಮಗು ಹಿಡಿದು ಕಪಾಟಿನ ಮುಂದೆ ನಿಂತ ತಾಯಿ ಈ ಲೆಕ್ಕ ಮಾಡಬೇಕೇ? ಅದೂ ಅಚ್ಚಾದದ್ದು ಎಲ್ಲಿ? ಪೊಟ್ಟಣದ ಅಂಟಿನ ಪಟ್ಟಿಯ ಮೇಲೆ, ಚುಕ್ಕಿ ಚುಕ್ಕಿಯಾಗಿ, ಬಣ್ಣದ ಮೇಲೆ ಮಸಿಯಲ್ಲಿ. ಬೆರಳು ತಾಗಿದರೆ ಅಳಿಸುವ ಹಾಗೆ. ಕಂಪನಿಯ ಹೆಸರಿಗೆ ಅಂಗೈ ಅಗಲದ ಜಾಗ ಇರುವ ಪೊಟ್ಟಣದಲ್ಲಿ ಬೆಲೆಗೆ ಜಾಗವಿಲ್ಲ. ನಮ್ಮ ಮನೆಯಲ್ಲಿ ವಯಸ್ಸಾದವರು ಅದನ್ನು ಓದಲು ದೀಪದ ಕೆಳಗೆ ಹಿಡಿದು ತಿರುಗಿಸುತ್ತಾರೆ.

ಅಡುಗೆ ಎಣ್ಣೆಯ ಕಥೆ ಇನ್ನೂ ಸೂಕ್ಷ್ಮ. ಎಣ್ಣೆ ಬಿಸಿಯಾದಾಗ ಹಿಗ್ಗುತ್ತದೆ. ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿಯಲ್ಲಿ ಸುಮಾರು 919 ಗ್ರಾಂ ತೂಗಿದರೆ 60 ಡಿಗ್ರಿಯಲ್ಲಿ ಸುಮಾರು 892 ಗ್ರಾಂ. ಕೆಲವು ತಯಾರಕರು ಪೊಟ್ಟಣದ ಮೇಲೆ ‘ಒಂದು ಲೀಟರ್, 60 ಡಿಗ್ರಿಯಲ್ಲಿ’ ಎಂದು ಬರೆಯುತ್ತಿದ್ದರು. ಯಾರ ಅಡುಗೆಮನೆಯ ಗೂಡಿನಲ್ಲಿ 60 ಡಿಗ್ರಿ ಇರುತ್ತದೆ? 2022ರ ಆಗಸ್ಟಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ, ಉಷ್ಣಾಂಶದ ಮಾತು ಬೇಡ, ಲೀಟರಿನ ಜೊತೆಗೆ ತೂಕವನ್ನೂ ಸರಿಯಾಗಿ ಬರೆಯಿರಿ ಎಂದು ಸೂಚಿಸಿತು. ಇಂಥದ್ದನ್ನು ಕಂಡುಹಿಡಿದ ಅಧಿಕಾರಿಗಳ ಮೇಲೆ ನನಗೆ ಗೌರವವಿದೆ.

ಕಾರ್ಖಾನೆಯವರನ್ನಷ್ಟೇ ದೂರಿದರೆ ಸಾಲದು. ಹಬ್ಬದ ಹಿಂದಿನ ದಿನ ಬೇಕರಿಯೊಂದರಲ್ಲಿ ಮೈಸೂರುಪಾಕು ಕೊಳ್ಳುತ್ತಿದ್ದೆ. ಹುಡುಗ ದಪ್ಪ ರಟ್ಟಿನ ಡಬ್ಬಿಯನ್ನು ತಕ್ಕಡಿಯ ಮೇಲಿಟ್ಟು, ಅದರೊಳಗೆ ಮೈಸೂರುಪಾಕು ತುಂಬಿ, ಒಟ್ಟು ಒಂದು ಕಿಲೋ ಆದಾಗ ನಿಲ್ಲಿಸಿದ. ಡಬ್ಬಿಯ ತೂಕ ಕಳೆಯಪ್ಪ ಎಂದಾಗ ಅವನು ಯಜಮಾನರ ಕಡೆ ನೋಡಿದ. ಯಜಮಾನರು ‘ಎಲ್ಲರಿಗೂ ಹೀಗೇ ಕೊಡೋದು’ ಎಂದರು. ಕಿಲೋಗೆ 600 ರೂಪಾಯಿಯ ಸಿಹಿಯಲ್ಲಿ 80 ಗ್ರಾಂ ರಟ್ಟು ಎಂದರೆ 48 ರೂಪಾಯಿ. ಸಿಹಿಯ ದರ ಗಾಜಿನ ಮೇಲೆ ದೊಡ್ಡದಾಗಿ ಬರೆದಿತ್ತು, ರಟ್ಟಿಗೂ ಅದೇ ದರ ಎಂದು ಬರೆದಿರಲಿಲ್ಲ.

ಚಿನ್ನದ ಅಂಗಡಿಗಳ ಜಾಹೀರಾತನ್ನು ನೀವು ದಿನವೂ ಪತ್ರಿಕೆಯ ಮೊದಲ ಪುಟದಲ್ಲಿ ನೋಡುತ್ತೀರಿ. ಇಂದಿನ ಗ್ರಾಂ ದರ ಎಲ್ಲ ಅಂಗಡಿಯಲ್ಲೂ ಹೆಚ್ಚುಕಡಿಮೆ ಒಂದೇ, ಅದನ್ನು ಎಲ್ಲರೂ ಬಾಗಿಲಲ್ಲೇ ಬರೆಯುತ್ತಾರೆ. ವ್ಯತ್ಯಾಸ ಇರುವುದು ಮಜೂರಿಯಲ್ಲಿ, ವೇಸ್ಟೇಜಿನಲ್ಲಿ, ಕಲ್ಲಿನ ಬೆಲೆಯಲ್ಲಿ. ಅದನ್ನು ಬರೆಯುವುದಿಲ್ಲ. ‘ಮಜೂರಿ ಇಲ್ಲ’ ಎಂಬ ದೊಡ್ಡ ಅಕ್ಷರದ ಮೂಲೆಯಲ್ಲಿ ಒಂದು ನಕ್ಷತ್ರ ಗುರುತು, ಪುಟದ ಬುಡದಲ್ಲಿ ‘ಷರತ್ತುಗಳು ಅನ್ವಯ’. ಹಾಲ್‌ಮಾರ್ಕ್ 2021ರ ಜೂನ್‌ನಿಂದ ಹಂತಹಂತವಾಗಿ ಕಡ್ಡಾಯವಾಗಿ, ಶುದ್ಧತೆಯ ವಿಷಯದಲ್ಲಿ ಗಿರಾಕಿಗೆ ಬಲ ಬಂತು. ಬೆಲೆಯ ವಿಷಯದಲ್ಲಿ ಆ ಬಲ ಇನ್ನೂ ಬರಬೇಕು. ಜಾಹೀರಾತಿನ ನಕ್ಷತ್ರಕ್ಕೂ ಈಗ ನಿಯಮವಿದೆ. 2022ರ ಜೂನ್ ತಿಂಗಳ ಮಾರ್ಗಸೂಚಿಯ ಪ್ರಕಾರ ಷರತ್ತನ್ನು ಜಾಹೀರಾತಿನ ಭಾಷೆಯಲ್ಲೇ ಬರೆಯಬೇಕು, ದೊಡ್ಡ ಮಾತಿಗೆ ವಿರುದ್ಧವಾದದ್ದನ್ನು ಸಣ್ಣ ಅಕ್ಷರದಲ್ಲಿ ಸೇರಿಸಬಾರದು. ಕನ್ನಡದಲ್ಲಿ ಆಸೆ ತೋರಿಸಿ ಇಂಗ್ಲಿಷಿನಲ್ಲಿ ಷರತ್ತು ಬರೆದ ಜಾಹೀರಾತು ಕಂಡರೆ ಅದು ನಿಯಮ ಮೀರಿದ್ದು ಎಂದೇ ತಿಳಿಯಿರಿ.

ಮುದ್ರಿತ ಬೆಲೆಗಿಂತ ಹೆಚ್ಚು ಕೇಳಬಹುದಾದ ಒಂದು ಜಾಗವೂ ಇದೆ. ಹೋಟೆಲು, ರೆಸ್ಟೋರೆಂಟಿನಲ್ಲಿ ಕುಳಿತು ನೀರಿನ ಬಾಟಲಿ ತರಿಸಿಕೊಂಡರೆ ಅದು ಬರೀ ಮಾರಾಟವಲ್ಲ, ಸೇವೆಯೂ ಸೇರಿದೆ, ಆದ್ದರಿಂದ ಎಂಆರ್‌ಪಿಯ ಮಿತಿ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. ಇದನ್ನೇ ನೆಪ ಮಾಡಿಕೊಂಡು ಬಸ್‌ನಿಲ್ದಾಣದ ಅಂಗಡಿ, ರಸ್ತೆ ಬದಿಯ ಗೂಡಂಗಡಿ ಹೆಚ್ಚು ಕೇಳಿದರೆ ಒಪ್ಪಬೇಕಿಲ್ಲ. ಅಲ್ಲಿ ಕುರ್ಚಿಯೂ ಇಲ್ಲ, ಸೇವೆಯೂ ಇಲ್ಲ. ಒಂದೇ ಬಾಟಲಿಗೆ ವಿಮಾನ ನಿಲ್ದಾಣದಲ್ಲಿ ಒಂದು ಎಂಆರ್‌ಪಿ, ಊರಿನಲ್ಲಿ ಇನ್ನೊಂದು ಅಚ್ಚು ಹಾಕುವುದನ್ನು 2018ರ ಜನವರಿ 1ರಿಂದ ನಿಷೇಧಿಸಲಾಗಿದೆ. ಹಾಲಿನ ಪ್ಯಾಕೆಟ್ಟಿಗೆ ಬೆಳಗಿನ ಜಾವ ಒಂದು ರೂಪಾಯಿ ಹೆಚ್ಚು ತೆಗೆದುಕೊಳ್ಳುವುದೂ, ಫ್ರಿಜ್ ಚಾರ್ಜೂ ಕಾನೂನಿಗೆ ವಿರುದ್ಧ. ತಣ್ಣಗಿಡುವ ಖರ್ಚು ವ್ಯಾಪಾರಿಯ ಲಾಭಾಂಶದೊಳಗಿನದು.

ಮೊಬೈಲಿನ ಅಂಗಡಿಗಳಲ್ಲಿ ಬೆಲೆ ಅಡಗುವುದಕ್ಕೆ ಜಾಗ ಬೇಕಾಗಿಲ್ಲ, ಸಮಯ ಸಾಕು. ಮೊದಲು ಸರಕಿನ ಬೆಲೆ ಮಾತ್ರ ಕಾಣುತ್ತದೆ. ವಿಳಾಸ ತುಂಬಿ, ಪಾವತಿಯ ಗುಂಡಿ ಒತ್ತುವ ಹೊತ್ತಿಗೆ ಪ್ಲಾಟ್‌ಫಾರ್ಮ್ ಶುಲ್ಕ, ನಿರ್ವಹಣಾ ಶುಲ್ಕ, ನೀವು ಕೇಳದ ದೇಣಿಗೆ ಒಂದೊಂದಾಗಿ ಸೇರಿರುತ್ತವೆ. ಅಷ್ಟು ದೂರ ಬಂದವರು ಹಿಂದಿರುಗುವುದಿಲ್ಲ ಎಂಬ ಲೆಕ್ಕ ಅದು. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥ 13 ಬಗೆಯ ತಂತ್ರಗಳನ್ನು ಹೆಸರಿಸಿ ನಿಷೇಧಿಸಿತು. ಬೆಲೆಯನ್ನು ಹನಿ ಹನಿಯಾಗಿ ತೋರಿಸುವುದೂ, ಬುಟ್ಟಿಗೆ ಗಿರಾಕಿಗೆ ತಿಳಿಯದಂತೆ ವಸ್ತು ಸೇರಿಸುವುದೂ ಅದರಲ್ಲಿ ಸೇರಿವೆ.

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಇಳಿದಾಗ ಅಂಗಡಿಗಳ ಕಪಾಟಿನಲ್ಲಿ ಹಳೆಯ ಬೆಲೆಯ ಪೊಟ್ಟಣಗಳು ರಾಶಿ ಇದ್ದವು. ಹೊಸ ಬೆಲೆಯ ಚೀಟಿ ಅಂಟಿಸಲು ಸರ್ಕಾರ ಅವಕಾಶ ಕೊಟ್ಟಿತು. ಚೀಟಿ ಅಂಟಿಸುವುದರ ಬಗ್ಗೆ ಮೊದಲಿನಿಂದ ಇರುವ ನಿಯಮವನ್ನು ಎಲ್ಲರೂ ತಿಳಿದಿರುವುದು ಒಳ್ಳೆಯದು: ಬೆಲೆ ಇಳಿಸುವುದಕ್ಕೆ ಚೀಟಿ ಅಂಟಿಸಬಹುದು, ಆದರೆ ಅದು ಮೂಲ ಬೆಲೆಯನ್ನು ಮುಚ್ಚಬಾರದು. ಮೂಲ ಬೆಲೆಯ ಮೇಲೆಯೇ ಅಂಟಿಸಿದ ಚೀಟಿ ಕಂಡರೆ ಉಗುರಿನಿಂದ ಎಬ್ಬಿಸಿ ನೋಡುವುದಕ್ಕೆ ಸಂಕೋಚ ಬೇಡ.

ಇಷ್ಟೆಲ್ಲ ನಿಯಮಗಳ ನಡುವೆ ಒಂದು ಕೊರತೆ ನನಗೆ ತುಂಬ ನೋವು ಕೊಡುತ್ತದೆ. ಪೊಟ್ಟಣದ ಮೇಲಿನ ಕಡ್ಡಾಯ ವಿವರಗಳು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಸಾಕು ಎನ್ನುತ್ತದೆ ಕೇಂದ್ರದ ನಿಯಮ. ಬೇರೆ ಭಾಷೆಯಲ್ಲೂ ಬರೆಯಬಹುದು, ಬರೆಯಲೇಬೇಕೆಂದಿಲ್ಲ. ಹಾಗಾಗಿ ಹಾವೇರಿಯ ಅಂಗಡಿಯಲ್ಲಿ ಮಾರಾಟವಾಗುವ ಪೊಟ್ಟಣದ ಮೇಲೆ ನಿವ್ವಳ ತೂಕ, ಬಿಡಿ ದರ, ಎಲ್ಲ ತೆರಿಗೆ ಸೇರಿದೆ ಎಂಬ ಮಾತು ಕನ್ನಡ ಮಾತ್ರ ಬಲ್ಲವರಿಗೆ ತಲುಪುವುದಿಲ್ಲ. 2024ರ ಮಾರ್ಚಿನಲ್ಲಿ ಜಾರಿಗೆ ಬಂದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ, ರಾಜ್ಯದಲ್ಲಿ ತಯಾರಾದ ಸರಕಿನ ಹೆಸರು ಮತ್ತು ಬಳಕೆಯ ವಿಧಾನ ಕನ್ನಡದಲ್ಲೂ ಇರಬೇಕು ಎನ್ನುತ್ತದೆ. ಬೆಲೆಯ ಸಾಲೂ ಕನ್ನಡದಲ್ಲಿ ಬರಲಿ, ಪೊಟ್ಟಣದ ಮುಖದ ಮೇಲೆ ಬರಲಿ, ತೂಕ ಎಷ್ಟೇ ಇರಲಿ ಕಿಲೋ ಲೆಕ್ಕದಲ್ಲೇ ಬರಲಿ ಎಂದು ಕೇಳುವುದು ದೊಡ್ಡ ಬೇಡಿಕೆಯೇನಲ್ಲ. ಅಚ್ಚಿನ ಯಂತ್ರಕ್ಕೆ ಅದರಿಂದ ಹೆಚ್ಚಿನ ಖರ್ಚೂ ಇಲ್ಲ.

ಅಲ್ಲಿಯವರೆಗೆ, ಮುದ್ರಿತ ಬೆಲೆಗಿಂತ ಹೆಚ್ಚು ಕೇಳಿದ ಕಡೆ ಬಿಲ್ಲು ಕೇಳಿ ಪಡೆಯಿರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915; ಅಲ್ಲಿ ಕನ್ನಡದಲ್ಲಿ ಮಾತನಾಡಬಹುದು. ತೂಕದಲ್ಲಿ ಕೊರತೆ ಕಂಡರೆ ನಿಮ್ಮ ಜಿಲ್ಲೆಯ ಕಾನೂನು ಮಾಪನಶಾಸ್ತ್ರ ಇಲಾಖೆಯ ನಿರೀಕ್ಷಕರಿಗೆ ದೂರು ಕೊಡಿ. ಅಂಗಡಿಯ ತಕ್ಕಡಿಗೆ ಅವರು ಕಾಲಕಾಲಕ್ಕೆ ಮುದ್ರೆ ಒತ್ತಬೇಕು. ಆ ಮುದ್ರೆಯ ಪ್ರಮಾಣಪತ್ರ ಗಿರಾಕಿಗೆ ಕಾಣುವ ಜಾಗದಲ್ಲಿ ಇರಬೇಕು. ನಾಳೆ ದಿನಸಿಗೆ ಹೋದಾಗ ಅದು ಎಲ್ಲಿದೆ ಎಂದು ಒಂದು ಸಲ ಕೇಳಿ ನೋಡಿ.